ಸ್ವಿಂಡನ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ

2016ರಲ್ಲಿ ಒಂದು ದಿನ ನನ್ನ ಹೆಸರಿಗೆ ಪೋಲಿಂಗ್ ಕಾರ್ಡ್ ಬಂತು. ಬ್ರಿಟನ್ ಯುರೋಪಿಯನ್ ಯೂನಿಯನ್‌ನಲ್ಲಿ ಇರಬೇಕಾ, ಬಿಡಬೇಕಾ ಅಂತ ನನ್ನನ್ನೂ ಕೇಳಿದ್ದರು. ನಾನು ಇಂಗ್ಲೆಂಡಿನ ಸ್ವಿಂಡನ್ ಊರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಕೆಲಸದ ವೀಸಾ, ಭಾರತದ ಪಾಸ್‌ಪೋರ್ಟ್.

ಪಕ್ಕದ ಮನೆಯವರಿಗೆ ಕಾರ್ಡ್ ಬರಲಿಲ್ಲ. ಅವರು ಮಡಗಾಂವ್ ಕಡೆಯವರು. ಬೆಳಗಾವಿಯಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದ ಕಾಲದಲ್ಲಿ ಅಪ್ಪ ಹುಟ್ಟಿದ್ದರ ದಾಖಲೆ ತೋರಿಸಿ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸಿಕೊಂಡವರು. ಪೋರ್ಚುಗಲ್ ಯೂನಿಯನ್‌ನ ದೇಶ, ಹಾಗಾಗಿ ಆ ಪಾಸ್‌ಪೋರ್ಟ್ ಇದ್ದವರು ಆಗ ಬ್ರಿಟನ್‌ನಲ್ಲಿ ನೆಲೆಸಿ ಕೆಲಸ ಮಾಡಬಹುದಿತ್ತು. ಸ್ವಿಂಡನ್‌ನಲ್ಲಿ ಅಂಥ ಗೋವಾದವರು ಬಹಳ ಇದ್ದಾರೆ. ಇವರು ಹತ್ತು ವರ್ಷದಿಂದ ಗೋಡೌನ್ ಒಂದರಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದರು. ಆದರೆ ನಿಯಮ ಹಾಗಿತ್ತು. ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶದವರಿಗೆ, ಅಂದರೆ ಹೆಚ್ಚಾಗಿ ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದಂಥ ದೇಶಗಳ ಕೂಟದವರಿಗೆ, ವೋಟು ಉಂಟು. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಯೂನಿಯನ್‌ನ ಬೇರೆ ದೇಶದವರಿಗೆ ಇಲ್ಲ.

"ಇಂಡಿಯಾ ಪಾಸ್‌ಪೋರ್ಟೇ ಇಟ್ಕೊಂಡಿದ್ರೆ ನನ್ನನ್ನೂ ಕೇಳ್ತಿದ್ರು, ಅಲ್ವಾ?" ಅಂದರು. ಅವರ ಕೆಲಸ, ಮಕ್ಕಳ ಸ್ಕೂಲು ಎಲ್ಲ ಆ ವೋಟಿನ ಮೇಲೆ ನಿಂತಿತ್ತು. ನಾನು ಏನು ಹೇಳಲಿ?

ಇನ್ನೂ ಹೆಚ್ಚು ನೋಯಿಸಿದ್ದು ಸುತ್ತಲಿನವರ ಮೌನ. ಟಿವಿಯಲ್ಲಿ ದಿನವೂ ಜಗಳ. ಆಫೀಸಿನಲ್ಲಿ ಒಂದು ಮಾತಿಲ್ಲ. ಊಟದ ಹೊತ್ತಿಗೆ ಒಬ್ಬರನ್ನು "ಯಾವ ಕಡೆ ಹಾಕ್ತೀರಿ?" ಅಂತ ಕೇಳಿಬಿಟ್ಟೆ. ಅವರು ಕಪ್ ತೊಳೆಯಲು ಎದ್ದುಹೋದರು. ಸಂಬಳ ಎಷ್ಟು ಅಂತ ಕೇಳಿದ ಹಾಗಾಯಿತು ಅಂತ ಆಮೇಲೆ ಇನ್ನೊಬ್ಬರು ಮೆಲ್ಲಗೆ ತಿಳಿಸಿದರು.

ನಾನು ದಾವಣಗೆರೆಯವನು. ನಮ್ಮಲ್ಲಿ ಎಲೆಕ್ಷನ್ ಬಂದರೆ ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂರಲು ಜಾಗ ಇರುವುದಿಲ್ಲ. ಯಾರು ಯಾವ ಕಡೆ ಅಂತ ಎಲ್ಲರಿಗೂ ಗೊತ್ತು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಅದಕ್ಕಿಂತ ಜೋರಾಗಿ ಕೂಗುತ್ತಾರೆ, ಮೂರನೆಯವರು ಲೆಕ್ಕ ಕೇಳುತ್ತಾರೆ. ಆ ಲೆಕ್ಕ ಕೇಳುವವರು ಇಲ್ಲಿ ಬೇಕಿತ್ತು. ವಾರಕ್ಕೆ 35 ಕೋಟಿ ಪೌಂಡ್ ಯೂನಿಯನ್‌ಗೆ ಕಳಿಸುತ್ತೇವೆ, ಅದನ್ನು ಆಸ್ಪತ್ರೆಗೆ ಕೊಡೋಣ ಅಂತ ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ತಿರುಗಿದರಲ್ಲ? ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ಈ ಲೆಕ್ಕ ಜನರ ದಾರಿ ತಪ್ಪಿಸುತ್ತದೆ ಅಂತ ಸರ್ಕಾರಿ ಅಂಕಿಅಂಶ ನೋಡಿಕೊಳ್ಳುವ ಸಂಸ್ಥೆಯೇ ಹೇಳಿತು. ನಮ್ಮ ಬೆಂಚಿನ ಮೇಲೆ ಆ ಬಸ್ಸು ಒಂದು ಸಂಜೆ ಕೂಡ ಓಡುತ್ತಿರಲಿಲ್ಲ.

ಜೂನ್ 23, ಗುರುವಾರ. ರಜೆ ಇರಲಿಲ್ಲ. ಕೆಲಸ ಮುಗಿಸಿ ಹೋಗಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬಂದೆ. ಬೆರಳಿಗೆ ಮೈಸೂರಿನ ಶಾಯಿ ಇಲ್ಲದೆ ವೋಟು ಹಾಕಿದ ಹಾಗೇ ಅನ್ನಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಬಿಡಬೇಕು ಅಂದವರು ಗೆದ್ದಿದ್ದರು, 51.9ಕ್ಕೆ 48.1. ಸ್ವಿಂಡನ್‌ನಲ್ಲಿ ನೂರಕ್ಕೆ 54ಕ್ಕೂ ಜಾಸ್ತಿ ಜನ ಬಿಡೋಣ ಅಂದಿದ್ದರು. ಅಂದು ಆಫೀಸಿನಲ್ಲಿ ಮಳೆಯ ಮಾತಾಡಿದರು. ಇಷ್ಟು ಜನರ ಮನಸ್ಸಿನಲ್ಲಿ ಇಷ್ಟು ಸಿಟ್ಟು ಇತ್ತು ಅಂತ ಪಕ್ಕದಲ್ಲಿ ಕೂತವರಿಗೇ ಗೊತ್ತಿರಲಿಲ್ಲ. ಬಾಯಿಬಿಟ್ಟು ಜಗಳ ಆಡಿದ್ದರೆ ಮೊದಲೇ ತಿಳಿಯುತ್ತಿತ್ತು. ಈಗಲೂ ನಾನು ಹಾಗೇ ಅಂದುಕೊಂಡಿದ್ದೇನೆ.

ಆದರೂ ಒಂದೆರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಯಾರೂ ನನಗೆ ದುಡ್ಡು ಕೊಡಲು ಬರಲಿಲ್ಲ. ನನ್ನ ಜಾತಿ ಯಾವುದು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಯೂನಿಯನ್‌ನಲ್ಲೇ ಇರೋಣ ಅಂದು ಸೋತ ಪ್ರಧಾನಿ ಕ್ಯಾಮರನ್ ಮಾರನೇ ಬೆಳಿಗ್ಗೆಯೇ ಮನೆ ಮುಂದೆ ನಿಂತು ರಾಜೀನಾಮೆ ಕೊಡುತ್ತೇನೆ ಅಂದರು. ವೋಟಿಗೆ ಒಂದು ವಾರ ಮೊದಲು ಜೋ ಕಾಕ್ಸ್ ಎಂಬ ಸಂಸದೆಯ ಕೊಲೆಯಾಗಿತ್ತು. ಜನ ಸುಮ್ಮನಾಗಿದ್ದಕ್ಕೆ ಆ ಭಯವೂ ಇತ್ತೇನೋ. ಇನ್ನು ನಮ್ಮ ಕಡೆಯ ಕೂಗಾಟ? ಪಂಚಾಯ್ತಿ ಎಲೆಕ್ಷನ್ ಆದಮೇಲೆ ನಮ್ಮ ದೊಡ್ಡಪ್ಪನ ಮಕ್ಕಳಿಬ್ಬರು ಮಾತು ಬಿಟ್ಟು ಹನ್ನೊಂದು ವರ್ಷ ಆಯಿತು. ದೊಡ್ಡಪ್ಪನ ತಿಥಿಗೂ ಒಬ್ಬರು ಬಂದು ಹೋದಮೇಲೆ ಇನ್ನೊಬ್ಬರು ಬರುತ್ತಾರೆ.

ಪಕ್ಕದ ಮನೆಯವರು ಊರು ಬಿಡಲಿಲ್ಲ. ಯೂನಿಯನ್‌ನವರಿಗೆ ಮಾಡಿದ ಸ್ಕೀಮಿನಲ್ಲಿ ಅರ್ಜಿ ಹಾಕಿ ನೆಲೆ ನಿಂತರು, ಆಮೇಲೆ ಬ್ರಿಟಿಷ್ ಪ್ರಜೆಯೂ ಆದರು. 2024ರ ಜುಲೈ 4ರಂದು ಪಾರ್ಲಿಮೆಂಟ್ ಎಲೆಕ್ಷನ್‌ಗೆ ಇಬ್ಬರೂ ಒಟ್ಟಿಗೆ ಹೋದೆವು. ಈಗ ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕು. ಅವರು ಹೊಸ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಹೊರಗೆ ಬಂದವರೇ ಫುಟ್‌ಪಾತ್ ಮೇಲೆ ನಿಂತು, ಯಾರಿಗೆ ಹಾಕಿದೆ, ಯಾಕೆ ಹಾಕಿದೆ ಅಂತ ಬೆಳಗಾವಿ ಕನ್ನಡದಲ್ಲಿ ಜೋರಾಗಿ ಹೇಳತೊಡಗಿದರು. ನಾಯಿ ಹಿಡಿದು ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ನಾನು ಅವರಿಗಿಂತ ಜೋರಾಗಿ ಉತ್ತರ ಕೊಟ್ಟೆ.