ಹತ್ತಲು ಕಮಾನು, ಇಳಿಯಲು ದೇವರು

ಮಂಡ್ಯ–ಮೈಸೂರು ಸೀಮೆಯಲ್ಲಿ ಒಂದು ಸಾಹಸ ಪ್ರವಾಸಿ ಮಾರ್ಗ ತಯಾರಿಸಲು ಬೇಕಾಗುವ ಸಾಮಗ್ರಿ: ಬೆಟ್ಟ ಒಂದು, ಸಿಮೆಂಟ್ ಕಮಾನು ಒಂದು, ಹತ್ತಡಿ ಅಗಲದ ಫ್ಲೆಕ್ಸು ಒಂದು, ಪುರಾಣ ಎರಡು ಸಾಲು. ಬೆಟ್ಟ ಮೊದಲೇ ಇದೆ. ಕಮಾನಿಗೆ ಅನುದಾನ ಬರುತ್ತದೆ. ಫ್ಲೆಕ್ಸಿನ ಮುಕ್ಕಾಲು ಭಾಗ ಕೈ ಮುಗಿದು ನಿಂತವರ ಮುಖಗಳಿಗೆ, ಉಳಿದ ಕಾಲು ಭಾಗ ಬೆಟ್ಟಕ್ಕೆ. ಅದೂ ಒಮ್ಮೊಮ್ಮೆ ಪಕ್ಕದ ಜಿಲ್ಲೆಯ ಬೆಟ್ಟ. ದಾರಿಯ ಮಾತು ಎಲ್ಲಿ ಅಂತೀರಾ? ನಾಲ್ಕು ಜನ ಓಡಾಡಿದರೆ ಅದೇ ಬೀಳುತ್ತದೆ ಬಿಡಿ.

ಪಾಂಡವಪುರದ ಕುಂತಿಬೆಟ್ಟವನ್ನೇ ತೆಗೆದುಕೊಳ್ಳಿ. ಯಾವ ಕರಪತ್ರ ನೋಡಿದರೂ, ಯಾವ ರೀಲ್ಸ್ ನೋಡಿದರೂ ಶುರುವಾಗುವುದು ಪಾಂಡವರಿಂದ. ಅವರು ಇಲ್ಲಿ ತಂಗಿದ್ದರು ಎಂಬ ವಿವರ ಉಂಟು, ನಿಮಗೆ ನೀರು ಎಲ್ಲಿ ಸಿಗುತ್ತದೆ ಎಂಬ ವಿವರ ಇಲ್ಲ. ಹೈದರ್–ಟಿಪ್ಪು ಕಡೆಯ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಈ ಊರನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಬೀಡು ಬಿಡುವ ದಂಡು ಮೊದಲು ನೋಡುವುದು ನೀರನ್ನು. ನಮ್ಮ ಕರಪತ್ರ ಮೊದಲು ನೋಡುವುದು ಸೆಲ್ಫಿ ಪಾಯಿಂಟನ್ನು. ಮಾರ್ಚ್ ಬಿಸಿಲಲ್ಲಿ ಬಂಡೆ ಹತ್ತುವವರಿಗೆ ಗಂಟೆಗೆ ಅರ್ಧ ಲೀಟರಾದರೂ ಬೇಕು. ನಾಲ್ಕು ಜನರ ಗುಂಪು ಒಂದು ಲೀಟರ್ ಬಾಟಲಿ, ಎರಡು ಪ್ಯಾಕೆಟ್ ಖಾರದ ಚಿಪ್ಸ್ ಹಿಡಿದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆ ಅನ್ನೋದನ್ನು ಪಾಂಡವರೂ ಹೇಳಿ ಹೋಗಿಲ್ಲ.

ಇನ್ನು ದರ್ಜೆ. ಸುಲಭ, ಮಧ್ಯಮ, ಕಠಿಣ ಅಂತ ಮೂರಿದ್ದರೂ ಬಳಕೆಯಲ್ಲಿರುವುದು ಒಂದೇ: ಮಧ್ಯಮ. ಸುಲಭ ಅಂದರೆ ಹುಡುಗರು ಬರುವುದಿಲ್ಲ, ಕಠಿಣ ಅಂದರೆ ಅವರ ಅಪ್ಪಂದಿರು ಕಳಿಸುವುದಿಲ್ಲ. ಹಾಗಾಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ ಮಧ್ಯಮ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಟ್ಟಿಸಿದ, ಅಜ್ಜಿಯರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿ ಮುಗಿಸುವ ಈ ದಾರಿಯೂ, ಒಂದೇ ಒಂದು ಮೆಟ್ಟಿಲಿಲ್ಲದ ನುಣುಪು ಬಂಡೆಯೂ ಪಟ್ಟಿಯಲ್ಲಿ ಅಕ್ಕಪಕ್ಕ. ಸಮಾನತೆ ಅಂದರೆ ಹೀಗಿರಬೇಕು.

ಸಮಯವೂ ಅಷ್ಟೇ, ಎಲ್ಲ ಬೆಟ್ಟಕ್ಕೂ ‘ಒಂದು ಗಂಟೆ’. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ. ಎರಡು ಕಿಲೋಮೀಟರ್ ದಾರಿ, ಮುನ್ನೂರು ಮೀಟರ್ ಏರು ಇದ್ದರೆ 24 ಮತ್ತು 30, ಒಟ್ಟು 54 ನಿಮಿಷ. ಇದು ಗಟ್ಟಿ ಕಾಲಿನವರು ಎಲ್ಲೂ ನಿಲ್ಲದೆ ನಡೆದರೆ. ಬಿಸಿಲು, ಫೋಟೊ, ಗುಂಪಿನಲ್ಲಿ ಚಪ್ಪಲಿ ಹಾಕಿಕೊಂಡು ಬಂದ ಭಾವಮೈದ ಎಲ್ಲ ಸೇರಿದರೆ ಅದರ ಒಂದೂವರೆ ಪಟ್ಟು ಹಿಡಿಯಿರಿ. ಇಳಿಯುವ ಸಮಯವನ್ನು ಬೇರೆಯಾಗಿ ಕೂಡಿಸಿ. ನಮ್ಮ ಪಟ್ಟಿಗಳಲ್ಲಿ ಆ ಕಲಮೇ ಇಲ್ಲ. ಹತ್ತಿದವರು ಅಲ್ಲೇ ನೆಲೆಸುತ್ತಾರೆ ಎಂಬ ನಂಬಿಕೆಯಿರಬೇಕು.

ಅಪಾಯ ಇರುವುದೇ ಆ ಇಲ್ಲದ ಕಲಮಿನಲ್ಲಿ. ಕೈ ಊರಿ ಬಂಡೆ ಹತ್ತುವಾಗ ಹಿಡಿತ ಕಣ್ಣೆದುರಿಗೆ ಇರುತ್ತದೆ. ಇಳಿಯುವಾಗ ಅದೇ ಹಿಡಿತ ಕಾಲ ಕೆಳಗೆ, ಹೊಟ್ಟೆಯ ಮರೆಯಲ್ಲಿ. ಇದನ್ನು ಹೇಳಲು ತಜ್ಞರ ಸಮಿತಿ ಬೇಡ, ಬುಡದಲ್ಲಿ ಕುರಿ ಮೇಯಿಸುವವರೇ ಹೇಳುತ್ತಾರೆ: “ಅತ್ತೋದು ಸುಲ್ಬ ಕಣಣ್ಣ, ಇಳಿಯೋವಾಗ ಗೊತ್ತಾಯ್ತದೆ.” ಕಮಾನಿನ ಮೇಲೆ ಕೆತ್ತಬೇಕಾಗಿದ್ದ ಮಾತು ಇದು. ಅಲ್ಲಿ ಕೆತ್ತಿರುವುದು ಉದ್ಘಾಟಕರ ಹೆಸರು.

ಒಣ ಬಂಡೆ ರಬ್ಬರ್ ಅಟ್ಟೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಭಾರ ಪಾದದ ಮೇಲಿದ್ದರೆ ಮಾತ್ರ. ಹೆದರಿದವನು ಬಂಡೆಯನ್ನು ಅಪ್ಪಿಕೊಳ್ಳುತ್ತಾನೆ. ಅಪ್ಪಿಕೊಂಡ ಕೂಡಲೇ ಭಾರ ಪಾದದಿಂದ ತಪ್ಪಿ ಅಟ್ಟೆ ಜಾರುತ್ತದೆ. ಸೊಂಟ ಬಂಡೆಯಿಂದ ದೂರ, ಹಿಮ್ಮಡಿ ತಗ್ಗಿಸಿ, ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಊರಿರಬೇಕು. ಒಂದು ಮಳೆ ಬಿದ್ದು ಕಪ್ಪು ಪಾಚಿ ನೆನೆದರೆ ನಿನ್ನೆ ನಡೆದು ಹೋದ ಇಳಿಜಾರೇ ಇವತ್ತು ಜಾರುಬಂಡಿ. ‘ಇಳಿಯಲಾರೆ ಅನ್ನಿಸಿದ ಜಾಗವನ್ನು ಹತ್ತಬೇಡಿ’ ಎಂದು ಬರೆಯಲು ಎಷ್ಟು ಬಣ್ಣ ಬೇಕು? ಆದರೆ ಬಣ್ಣವೆಲ್ಲ ಬಂಡೆಯ ಮೇಲೆ ಹೃದಯ ಬಿಡಿಸಿ ಎರಡು ಹೆಸರು ಬರೆಯುವುದಕ್ಕೇ ಖಾಲಿಯಾಗಿದೆ. ದಾರಿ ತಪ್ಪಿದವರು ಸದ್ಯಕ್ಕೆ ಆ ಪ್ರೇಮಿಗಳ ಹೆಸರನ್ನೇ ಗುರುತು ಹಿಡಿದು ಇಳಿಯುತ್ತಿದ್ದಾರೆ. ಅಷ್ಟರ ಮಟ್ಟಿಗೆ ಪ್ರೇಮ ಕುರುಡಲ್ಲ.

ಮೊಬೈಲಿನಲ್ಲಿ ಮ್ಯಾಪ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲೂ ಸಮೋನ್ನತಿ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವೆ 20 ಮೀಟರ್ ಎತ್ತರದ ಅಂತರ. ಹದಿನೈದು ಮೀಟರಿನ ಕಡಿದಾದ ಬಂಡೆಯೊಂದು ಎರಡು ಗೆರೆಗಳ ನಡುವೆ ಆರಾಮಾಗಿ ಅಡಗಿ ಕೂರಬಹುದು. ನಕ್ಷೆ ಸುಳ್ಳು ಹೇಳಿರುವುದಿಲ್ಲ; ನೀವು ಕೇಳಿರುವುದಿಲ್ಲ ಅಷ್ಟೇ. 1799ರ ಶ್ರೀರಂಗಪಟ್ಟಣದ ಯುದ್ಧದ ವೇಳೆ ರಾತ್ರಿ ಹೊರಟ ಇಂಗ್ಲಿಷ್ ತುಕಡಿ ಶತ್ರುವಿನ ಕಡೆಗೇ ನಡೆಯುತ್ತಿದೆ ಎಂದು ನಕ್ಷತ್ರ ನೋಡಿ ಎಚ್ಚರಿಸಿದವನು ಲ್ಯಾಂಬ್ಟನ್, ಮುಂದೆ ಇಡೀ ದೇಶವನ್ನು ತ್ರಿಕೋನ ಹಾಕಿ ಅಳೆಯಲು ಹೊರಟವನು. ಅದೇ ಸೀಮೆಯಲ್ಲಿ ಇವತ್ತು ಹಾಡಹಗಲೇ, ಕೈಯಲ್ಲಿ ಉಪಗ್ರಹ ಹಿಡಿದುಕೊಂಡು, ಜನ ಕಬ್ಬಿನ ಗದ್ದೆಯೊಳಗೆ ನಿಂತು ‘ಯೂ ಟರ್ನ್ ತೆಗೆದುಕೊಳ್ಳಿ’ ಅನ್ನಿಸಿಕೊಳ್ಳುತ್ತಾರೆ.

ಬೆಟ್ಟದ ಪಾಡು ಇಷ್ಟು. ಈಗ ನೀರಿಗಿಳಿಯೋಣ, ಯಾಕೆಂದರೆ ಒಳನಾಡಿನ ಸಾಹಸ ಪಟ್ಟಿಗಳಿಗೂ ಕಡಲು ನುಗ್ಗಿದೆ. ‘ಸೀ ಕಯಾಕಿಂಗ್ ಅನುಭವ’ (ಕಿರಿದಾದ ದೋಣಿಯಲ್ಲಿ ಕೂತು ಹುಟ್ಟು ಹಾಕುತ್ತಾ ಕಡಲಲ್ಲಿ ಸಾಗುವುದು) ಅಂತ ಕೆರೆಯ ಚಿತ್ರದ ಕೆಳಗೆ ಬರೆದು, ಸೂಚನೆಗಳನ್ನು ಕರಾವಳಿಯ ಕರಪತ್ರದಿಂದ ಹಾಗೇ ಇಳಿಸಿಕೊಳ್ಳುವುದು ಪದ್ಧತಿ: ‘ಉಬ್ಬರವಿಳಿತ ಗಮನಿಸಿ ಹೊರಡಿ’.

ಮಲ್ಪೆಯಲ್ಲೋ ಕಾರವಾರದಲ್ಲೋ ಈ ಮಾತಿಗೆ ಅರ್ಥವಿದೆ. ಅಲ್ಲಿ ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಇಳಿತದ ಹೊತ್ತಿನಲ್ಲಿ ಅಳಿವೆಯಿಂದ ಹೊರಗೆ ನುಗ್ಗುವ ನದಿ ನೀರು ಒಳಗೆ ಬರುವ ಅಲೆಗೆ ಎದುರಾಗಿ, ಅಲೆ ಗಿಡ್ಡವಾಗಿ ಕಡಿದಾಗಿ ಎದ್ದು ನಿಲ್ಲುತ್ತದೆ; ದೋಣಿ ಮಗುಚುವುದು ಅಲ್ಲೇ. ಬೆಳಿಗ್ಗೆ ತಣ್ಣಗಿದ್ದ ಕಡಲು ಮಧ್ಯಾಹ್ನ ಗಾಳಿ ಎದ್ದ ಮೇಲೆ ಬೇರೆ ಕಡಲು. ಅದಕ್ಕೇ ಕಡಲ ಕಯಾಕ್ ಹದಿನಾರು ಹದಿನೇಳಡಿ ಉದ್ದ, ಹಿಂದೆ ಮುಂದೆ ನೀರು ಹೋಗದಂತೆ ಮುಚ್ಚಿದ ಕೋಣೆಗಳು, ಸೊಂಟಕ್ಕೆ ಬಿಗಿಯುವ ಹೊದಿಕೆ, ಮಗುಚಿದರೆ ಹಿಡಿಯಲು ಸುತ್ತಲೂ ಹಗ್ಗ. ಕೆರೆಯಲ್ಲಿ ಬಾಡಿಗೆಗೆ ಸಿಗುವ ಹತ್ತಡಿಯ ಪ್ಲಾಸ್ಟಿಕ್ ದೋಣಿಗೆ ಇದ್ಯಾವುದೂ ಇಲ್ಲ, ಕೆರೆಗೆ ಬೇಕಾಗಿಯೂ ಇಲ್ಲ.

ಮಂಡ್ಯದ ಉಬ್ಬರವಿಳಿತ ಬೇರೆಯದೇ. ಇಲ್ಲಿ ಉಬ್ಬರ ಬರುವುದು ಕೊಡಗಿನಲ್ಲಿ ಮಳೆ ಹಿಡಿದಾಗ, ತುಂಬಿದ ಗುರುತು ಕನ್ನಂಬಾಡಿಯ 124.80 ಅಡಿ. ಇಳಿತ ಬರುವುದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ ಬಂದಾಗ. ಚಂದ್ರನ ಪಾತ್ರ ಏನೂ ಇಲ್ಲ; ಅಮಾವಾಸ್ಯೆಯೋ ಹುಣ್ಣಿಮೆಯೋ, ಹೆದ್ದಾರಿ ತಡೆ ಯಾವತ್ತು ಎಂದು ನೋಡಿಕೊಂಡರೆ ನೀರಿನ ಮಟ್ಟ ಅಂದಾಜು ಸಿಗುತ್ತದೆ.

ನಿಜವಾಗಿ ಬರೆಯಬೇಕಾದ ಸೂಚನೆ ಅಣೆಕಟ್ಟೆಗಳದ್ದು. ಬಲಮುರಿಯಂಥ ತಗ್ಗು ಕಟ್ಟೆ ನೋಡಲು ಮೊಣಕಾಲುದ್ದದ ಆಟಿಕೆ. ಹೊಳೆ ತುಂಬಿದಾಗ ಇಂಥ ಕಟ್ಟೆಯ ಬುಡದಲ್ಲಿ ನೀರು ಧುಮುಕಿ, ಸುರುಳಿ ಸುತ್ತಿ ಮತ್ತೆ ಕಟ್ಟೆಯ ಕಡೆಗೇ ವಾಪಸು ಬರುತ್ತದೆ. ಒಳಗೆ ಸಿಕ್ಕ ದೋಣಿ, ಮರದ ದಿಮ್ಮಿ, ಮನುಷ್ಯ ಎಲ್ಲ ಅಲ್ಲೇ ಸುತ್ತುತ್ತಾರೆ. ಅಲ್ಲಿಯ ನೊರೆಯಲ್ಲಿ ಗಾಳಿಯೇ ಹೆಚ್ಚು, ಆದ್ದರಿಂದ ಲೈಫ್ ಜಾಕೆಟ್ಟೂ ಪೂರ್ತಿ ತೇಲಿಸದು. ಈಜು ಬರುತ್ತದೆ ಅನ್ನುವವನನ್ನೂ ಅದು ಬಿಡುವುದಿಲ್ಲ. ದಾರಿ ಒಂದೇ: ಕಟ್ಟೆ ಸಿಗುವುದಕ್ಕೆ ಸಾಕಷ್ಟು ಮುಂಚೆಯೇ ದಡಕ್ಕೆ ಬಂದು, ದೋಣಿ ಹೊತ್ತು ದಾಟಿಸಿ, ಕೆಳಗೆ ದೂರದಲ್ಲಿ ಮತ್ತೆ ಇಳಿಯುವುದು.

ಇನ್ನು ಲೈಫ್ ಜಾಕೆಟ್. ಹಾಕಿಕೊಂಡವರ ಹೆಗಲಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ನೀರಲ್ಲಿ ಅದು ಮೇಲೆ ತೇಲುತ್ತದೆ, ಮನುಷ್ಯ ಕೆಳಗೆ. ಬಕಲ್ ಮುರಿದದ್ದಕ್ಕೆ ಗೋಣಿದಾರ ಕಟ್ಟಿ ಕೊಡುವ ಕಡೆ ಈ ಪರೀಕ್ಷೆ ಮಾಡಿದರೆ ಬರುವ ಉತ್ತರ: “ಏನೂ ಆಗಲ್ಲ ಬನ್ನಿ ಸಾರ್.”

ಆಗುತ್ತದೆ. ಆದ ಮೇಲೆ ಬೋರ್ಡು ಬರುತ್ತದೆ: ‘ಪ್ರವೇಶ ನಿಷೇಧಿಸಲಾಗಿದೆ’. ಎಲ್ಲಿಂದ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ನೀರು ಎಷ್ಟಿದ್ದರೆ ಎಂಬ ಯಾವ ತಂಟೆಯೂ ಇಲ್ಲದ ಸಾರ್ವಕಾಲಿಕ ನಿಷೇಧ. ಸೆಲ್ಫಿ ತೆಗೆಯಲು ಬೋರ್ಡಿನ ಪಕ್ಕವೇ ಒಳ್ಳೆ ಬೆಳಕು, ಹಾಗಾಗಿ ಜನ ಅಲ್ಲಿ ನಿಂತು ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ.

ಬೆಟ್ಟದಲ್ಲಾದರೆ ನಿಷೇಧದ ಬದಲು ಕಂಬಿ. ಬಂಡೆಗೆ ಗುಂಡಿ ಕೊರೆದು, ಕಬ್ಬಿಣದ ಪೈಪು ನಿಲ್ಲಿಸಿ, ಬುಡಕ್ಕೆ ಸಿಮೆಂಟು ಮೆತ್ತಿ, ಮೇಲೆ ಹಳದಿ–ಕಪ್ಪು ಪಟ್ಟೆ. ಮಳೆ ನೀರು ನಿಲ್ಲುವುದು ಸರಿಯಾಗಿ ಆ ಬುಡದಲ್ಲೇ, ತುಕ್ಕು ಹಿಡಿಯುವುದೂ ಅಲ್ಲೇ, ಸಿಮೆಂಟಿನ ಮರೆಯಲ್ಲಿ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿರುತ್ತದೆ. ಅದನ್ನು ಪೂರ್ತಿ ಭಾರ ಬಿಟ್ಟು ಹಿಡಿಯುವ ಮೊದಲಿಗ ಯಾರೆಂದರೆ, ಇಳಿಯುವಾಗ ಕಾಲು ನಡುಗಿದವನು. ನಿರ್ವಹಣೆಯ ಅಂದಾಜುಪಟ್ಟಿಯಲ್ಲಿ ಪೈಪಿನ ಬುಡ ಬರುವುದಿಲ್ಲ. ವರ್ಷಕ್ಕೊಮ್ಮೆ ಬಣ್ಣ ಬರುತ್ತದೆ.