ಎದ್ದು ಹೋಗಲಾಗದವರ ಹೊಗೆ

2005ರಲ್ಲಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ರೂಮ್‌ಮೇಟ್ ಒಂದು ಕಂಡೀಷನ್ ಹಾಕಿದ್ದ. ಕೆಲಸದಿಂದ ಬಂದವನು ಅಂಗಿಯನ್ನು ಬಾಗಿಲ ಹೊರಗೇ ಬಿಚ್ಚಿಟ್ಟು ಒಳಗೆ ಬರಬೇಕು. ಮಡಿ ಮೈಲಿಗೆ ಏನೂ ಅಲ್ಲ, ಸಿಗರೇಟಿನ ನಾತ. ತಮಾಷೆ ಅಂದ್ರೆ ನಾನು ಸೇದುವವನೇ ಅಲ್ಲ. ದಿನಕ್ಕೆ ನಾಲ್ಕು ಸೇದುತ್ತಿದ್ದವನು ಅವನು. "ಸೇದುವ ನನಗೇ ನಿನ್ನ ಅಂಗಿ ವಾಸನೆ ತಡೆಯುವುದಿಲ್ಲ ಮಾರಾಯ" ಅನ್ನುತ್ತಿದ್ದ.

ಹಗಲು ಕಾಲೇಜು, ಸಂಜೆ ಆರರ ಮೇಲೆ ಒಂದು ಬಾರಿನ ಗಲ್ಲಾದಲ್ಲಿ ಕೆಲಸ. ನಮ್ಮ ಊರ ಕಡೆಯವರದ್ದೇ ಬಾರು, ಹೆಸರು ಬೇಡ. ತಗ್ಗು ಸೀಲಿಂಗು, ಎರಡು ಎಕ್ಸಾಸ್ಟ್ ಫ್ಯಾನು. ಅದರಲ್ಲಿ ಒಂದು ತಿರುಗಿದ್ದನ್ನು ನಾನು ನೋಡಿಲ್ಲ. ಎಂಟೂವರೆ ಹೊತ್ತಿಗೆ ಎದುರು ಗೋಡೆಯ ಕ್ಯಾಲೆಂಡರಿನ ತಾರೀಕು ಗಲ್ಲಾದಿಂದ ಕಾಣುತ್ತಿರಲಿಲ್ಲ. ನೋಟು ಎಣಿಸುವಾಗ ಕಣ್ಣು ಉರಿದು ನೀರು ಬರುತ್ತಿತ್ತು. ಗಿರಾಕಿಯೊಬ್ಬರು ಒಮ್ಮೆ ನನ್ನ ಮುಖ ನೋಡಿ, "ಯಾಕಪ್ಪಾ, ಮನೆ ನೆನಪಾಯ್ತಾ?" ಅಂತ ಕೇಳಿದ್ದರು. ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ.

ಇದೆಲ್ಲ ಈಗ ನೆನಪಾಗಲು ಕಾರಣ ನಮ್ಮ ರಾಜ್ಯದ ಹೊಸ ಕಾನೂನು. 2024ರಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು, 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1000 ಆಯಿತು. 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ, ಹುಕ್ಕಾ ಬಾರ್ ಬಂದ್. ಅವತ್ತಿನಿಂದ ನನ್ನ ಫೇಸ್‌ಬುಕ್ ವಾಲ್‌ನಲ್ಲಿ ಒಂದೇ ಜಗಳ. ಒಂದು ಕಡೆಯವರು, ನನ್ನ ದುಡ್ಡು ನನ್ನ ಎದೆಗೂಡು ನಿಮಗೇನು ಅನ್ನುತ್ತಾರೆ. ಇನ್ನೊಂದು ಕಡೆಯವರು, ನಿಮ್ಮ ಹೊಗೆ ನನ್ನ ಮಗುವಿಗೆ ಯಾಕೆ ಅನ್ನುತ್ತಾರೆ. ನಾನು ಎರಡನೆಯವರ ಕಡೆ. ಆದರೂ ಈ ಜಗಳ ಓದುವಾಗ ಒಂದು ಕಿರಿಕಿರಿ. ಇಬ್ಬರೂ ಗಿರಾಕಿಗಳೇ. ತಡೆಯಲಾಗದಿದ್ದರೆ ಬಿಲ್ ಕೊಟ್ಟು ಎದ್ದು ಹೋಗಬಹುದು. ಎದ್ದು ಹೋಗಲಾಗದವನ ಮಾತನ್ನು ಯಾರೂ ಎತ್ತುವುದಿಲ್ಲ.

ನಮ್ಮ ಬಾರಿನಲ್ಲಿ ಕುಂದಾಪುರ ಕಡೆಯ ಒಬ್ಬರು ಸಪ್ಲೈಯರ್ ಇದ್ದರು. ಐವತ್ತು ದಾಟಿತ್ತು. ಎಲೆ ಅಡಿಕೆ ಹಾಕುತ್ತಿದ್ದರು, ಬೀಡಿ ಸಿಗರೇಟು ಮುಟ್ಟಿದವರಲ್ಲ. ರಾತ್ರಿ ಟೇಬಲ್ ಒರೆಸಿ, ಕುರ್ಚಿ ಮಗುಚಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷ ಕೆಮ್ಮುತ್ತಿದ್ದರು. ಊರಿಗೆ ಹೋಗಿ ಹದಿನೈದು ದಿನ ಇದ್ದರೆ ಕೆಮ್ಮು ಇಲ್ಲ. ಬಂದ ಮೂರನೇ ದಿನ ಮತ್ತೆ ಶುರು. ನಡುವೆ ಸ್ವಲ್ಪ ಹೊರಗೆ ನಿಂತು ಗಾಳಿ ತಗೊಳ್ಳಿ ಅಂತ ನಾನೇ ಒಮ್ಮೆ ಹೇಳಿದ್ದೆ. "ಎಂತ ಮಾಡುದು ಮಾರಾಯ್ರೆ, ಟೇಬಲ್ ಬಿಟ್ಟು ಹೋದ್ರೆ ಟಿಪ್ಸ್ ಯಾರು ಕೊಡ್ತಾರೆ" ಅಂದರು. ಮಾಲೀಕರಿಗೂ ಗೊತ್ತಿತ್ತು. ವಿಕ್ಸ್ ತರಿಸಿಕೊಡುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಸಿಗರೇಟು ಬೇಡ ಅಂದರೆ ಗಿರಾಕಿ ಪಕ್ಕದ ಬಾರಿಗೆ ಹೋಗುತ್ತಾನೆ ಅನ್ನುವ ಭಯ, ಅಷ್ಟೇ.

ಈ ಭಯಕ್ಕೆ ಮದ್ದು ಒಂದೇ, ಎಲ್ಲ ಬಾರಿಗೂ ಒಂದೇ ದಿನ ಒಂದೇ ರೂಲ್. ಅದೂ ಬಂತು. 2003ರ ಕೇಂದ್ರದ ತಂಬಾಕು ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಅಂತ ಪಟ್ಟಿ ಮಾಡಿದ್ದರಲ್ಲ, ಅದಕ್ಕೆ ಪಬ್ಬು, ಬಾರು, ಕೆಲಸದ ಜಾಗ ಎಲ್ಲವನ್ನೂ ಬಿಡಿಸಿ ಸೇರಿಸಿದ್ದು 2008ರ ನಿಯಮ. ಅನ್ಬುಮಣಿ ರಾಮದಾಸ್ ಆಗ ಆರೋಗ್ಯ ಮಂತ್ರಿ. ಜಾರಿಗೆ ಬಂದ ದಿನ ಅಕ್ಟೋಬರ್ 2. ಗಾಂಧಿ ಜಯಂತಿ, ಅಂದರೆ ಡ್ರೈ ಡೇ. ಬಾರಿನಲ್ಲಿ ಸಿಗರೇಟು ನಿಂತ ಮೊದಲ ದಿನ ಬಾರೇ ಇರಲಿಲ್ಲ!

ಅಕ್ಟೋಬರ್ 3ಕ್ಕೆ ಆಶ್‌ಟ್ರೇ ಎಲ್ಲ ರಟ್ಟಿನ ಡಬ್ಬಕ್ಕೆ ಹೋದವು. ಆ ಡಬ್ಬ ನನ್ನ ಕಾಲ ಬುಡದಲ್ಲೇ ಇತ್ತು. ಕೆಲವು ವಾರ ಕ್ಯಾಲೆಂಡರಿನ ತಾರೀಕು ರಾತ್ರಿ ಹನ್ನೊಂದಕ್ಕೂ ಕಾಣುತ್ತಿತ್ತು. ಗಿರಾಕಿಗಳು ಗೊಣಗಿದರು, ಹೊರಗೆ ಹೋಗಿ ಸೇದಿ ಬಂದರು, ಮತ್ತೆ ಕೂತರು. ವ್ಯಾಪಾರ ಬಿದ್ದು ಹೋಗಲಿಲ್ಲ, ಲೆಕ್ಕ ಬರೆಯುತ್ತಿದ್ದವನು ನಾನೇ. ಆಮೇಲೆ ಒಬ್ಬ ಹಳೇ ಗಿರಾಕಿ ಮೂಲೆ ಟೇಬಲಲ್ಲಿ ಕಡ್ಡಿ ಗೀರಿದ. ಯಾರೂ ಏನೂ ಅನ್ನಲಿಲ್ಲ. ಮರುದಿನ ನಾಲ್ಕು ಟೇಬಲ್. ಡಿಸೆಂಬರ್ ಹೊತ್ತಿಗೆ ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ ಟೇಬಲಿಗೆ ಇಡುವುದು ಶುರುವಾಯಿತು. ಆಶ್‌ಟ್ರೇ ಇಟ್ಟರೆ ತಪ್ಪು ಅಂತ ನಿಯಮದಲ್ಲಿತ್ತು, ಲೋಟದ ಮಾತು ಇರಲಿಲ್ಲವಲ್ಲ.

ಐರ್ಲೆಂಡ್‌ನಲ್ಲೂ ಜನ ಹೀಗೇ ಗೊಣಗಿದ್ದರು. ಪಬ್ಬಿಲ್ಲದ ಊರೇ ಇಲ್ಲದ ದೇಶ ಅದು. 2004ರ ಮಾರ್ಚ್ 29ರಿಂದ ಪಬ್ಬು ಸೇರಿ ಕೆಲಸದ ಜಾಗಗಳ ಒಳಗೆ ಸಿಗರೇಟು ನಿಂತಿತು. ಇಡೀ ದೇಶಕ್ಕೆ ಹೀಗೆ ಮಾಡಿದ್ದು ಅವರೇ ಮೊದಲು. ನನಗೆ ಅದರಲ್ಲಿ ಇಷ್ಟವಾಗಿದ್ದು ಅವರು ಮುಂದಿಟ್ಟ ವಾದ. ಸೇದುವವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಪಬ್ಬಿನಲ್ಲಿ ಗ್ಲಾಸ್ ತೊಳೆಯುವವನಿಗೂ ಆಫೀಸಿನವನಿಗೆ ಸಿಗುವ ಗಾಳಿಯೇ ಸಿಗಬೇಕು ಅಂದರು. ಇದಕ್ಕೆ 'ನನ್ನ ಎದೆಗೂಡು' ಅನ್ನುವವರ ಹತ್ತಿರ ಉತ್ತರ ಇಲ್ಲ.

ಎರಡು ವರ್ಷದ ನಂತರ, 2006ರ ಮಾರ್ಚ್‌ನಲ್ಲಿ, ಸ್ಕಾಟ್ಲೆಂಡ್ ಕೂಡ ಅದನ್ನೇ ಮಾಡಿತು. ಅಲ್ಲಿನ ಟೇಸೈಡ್ ಪ್ರದೇಶದಲ್ಲಿ ಸಂಶೋಧಕರು ಸಿಗರೇಟು ಸೇದದ 77 ಬಾರ್ ಕೆಲಸಗಾರರನ್ನು ನಿಷೇಧದ ಮೊದಲೂ ಆಮೇಲೂ ಪರೀಕ್ಷೆ ಮಾಡಿದರು. ಮೊದಲು 100ಕ್ಕೆ 79 ಜನರಿಗೆ ಕೆಮ್ಮು, ಉಬ್ಬಸ, ಕಣ್ಣುರಿ, ಗಂಟಲು ಕೆರೆತದಂಥ ಏನಾದರೊಂದು ತೊಂದರೆ ಇತ್ತು. ಒಂದೇ ತಿಂಗಳಲ್ಲಿ ಅದು 53ಕ್ಕೆ ಇಳಿಯಿತು. ಇನ್ನೊಂದು ತಿಂಗಳಿಗೆ 47ರ ಹತ್ತಿರ. ಯಾವ ಔಷಧಿಯೂ ಇಲ್ಲ, ಗಾಳಿ ಬದಲಾಯಿತು ಅಷ್ಟೇ. ಇದನ್ನು ಮೊದಲ ಸಲ ಓದಿದಾಗ ನನಗೆ ಮೆಟ್ಟಿಲ ಮೇಲಿನ ಆ ಕೆಮ್ಮು ಕೇಳಿಸಿತು. ಹದಿನೈದು ದಿನ ಊರಿಗೆ ಹೋಗಿ ಬಂದು ಅವರೇ ಮಾಡಿ ತೋರಿಸಿದ್ದ ಪ್ರಯೋಗ ಅಲ್ವಾ ಇದು?

ಪಕ್ಕದವರ ಹೊಗೆಯಿಂದ ಕ್ಯಾನ್ಸರ್ ಬರುತ್ತೆ ಅನ್ನುವುದು ಸುಮ್ನೆ ಹೆದರಿಸುವ ಮಾತು ಅಂತ ಗೆಳೆಯನೊಬ್ಬ ವಾದಿಸುತ್ತಾನೆ. 2003ರಲ್ಲಿ ಬಂದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ತೋರಿಸುತ್ತಾನೆ. ಗಂಡ ಅಥವಾ ಹೆಂಡತಿ ಸೇದಿದರೆ ಸಾವು ಜಾಸ್ತಿ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂದ ಅಧ್ಯಯನ ಅದು, ನಿಜ. ಅದಕ್ಕೆ ತಂಬಾಕು ಉದ್ಯಮದ ದುಡ್ಡೂ ಸೇರಿತ್ತು ಅನ್ನುವುದೂ ನಿಜ. ಇನ್ನೊಂದು ಕಡೆ ಜಪಾನಿನ ಸಂಶೋಧಕ ಹಿರಾಯಾಮಾ ಅವರ ಕೆಲಸ ಇದೆ. ಸಿಗರೇಟು ಸೇದದ 91,540 ಮದುವೆಯಾದ ಹೆಂಗಸರನ್ನು 14 ವರ್ಷ ಗಮನಿಸಿ 1981ರಲ್ಲಿ ಬರೆದರು. ಗಂಡ ಸೇದುವುದು ಜಾಸ್ತಿಯಾದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ ಅಂತ. ಅದನ್ನು ಸುಳ್ಳು ಮಾಡಲು ಎಷ್ಟೋ ಜನ ನೋಡಿದರು. ಆಮೇಲೆ ಬೇರೆ ಬೇರೆ ದೇಶಗಳಿಂದ ಬಂದ ಕೆಲಸವೆಲ್ಲ ಹೆಚ್ಚಾಗಿ ಅವರ ಕಡೆಗೇ ವಾಲಿತು. 2006ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ವಕ್ತಾರರಾದ ಸರ್ಜನ್ ಜನರಲ್ ಅವರ ವರದಿ, ಇಷ್ಟು ಹೊಗೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ಬರೆಯಿತು.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಹೊಗೆಗಿಂತ ಇದು ಜಾಸ್ತಿನಾ ಅಂತ ಕೇಳುವವರಿಗೆ: ಸಿಲ್ಕ್ ಬೋರ್ಡನ್ನು ಯಾರೂ ಟೇಬಲಿಗೆ ತಂದು ಹಚ್ಚುವುದಿಲ್ಲ.

ನಾನು ದೊಡ್ಡ ಪರಿಶುದ್ಧ ಅಂತ ಹೇಳಿಕೊಳ್ಳುತ್ತಿಲ್ಲ. ನಮ್ಮ ಮನೆ ನಡೆದದ್ದೇ ಬೀಡಿಯಿಂದ. ಬಂಟ್ವಾಳ ಕಡೆ ಆಗ ಮನೆ ಮನೆಯಲ್ಲೂ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಅಮ್ಮನ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಮಾತಾಡುತ್ತಲೇ ಸುರುಟುತ್ತಿದ್ದರು. 25ಕ್ಕೆ ಒಂದು ಕಟ್ಟು. ಶನಿವಾರ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದರೆ ವಾರದ ಖರ್ಚು. ನನ್ನ ಕಾಲೇಜು ಫೀಸಿನಲ್ಲಿ ಆ ದುಡ್ಡೂ ಇದೆ. ಅಮ್ಮ ಜನ್ಮದಲ್ಲಿ ಒಂದು ಬೀಡಿ ಹಚ್ಚಿದವರಲ್ಲ. ಆದರೆ ಅವರು ಕೈ ತುತ್ತು ಕೊಟ್ಟರೆ ಅನ್ನಕ್ಕೂ ಹೊಗೆಸೊಪ್ಪಿನ ಕಮಟು. ಸೇದದವರ ಮೈಗೂ ಅದು ಸೇರುತ್ತೆ ಅಂತ ನನಗೆ ಗೊತ್ತಾದದ್ದು ಬಾರಿನಲ್ಲಲ್ಲ. ಆದ್ದರಿಂದ, ಬೀಡಿ ಸಿಗರೇಟು ಪೂರ್ತಿ ಬಂದ್ ಮಾಡಿ ಅಂತ ಎಸಿ ರೂಮಿನಲ್ಲಿ ಕೂತು ಬರೆಯುವವರ ಜೊತೆ ನನಗೆ ಸೇರಲಾಗುವುದಿಲ್ಲ. ಕಟ್ಟುವವರ ಕೈಗೆ ಬೇರೆ ಕೆಲಸ ಏನು ಅಂತ ಅವರು ಒಂದು ಸಾಲೂ ಬರೆಯುವುದಿಲ್ಲ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ನಾಲ್ಕು ಗೋಡೆ ಇರುವ ಕಡೆ, ಇನ್ನೊಬ್ಬ ಕೂಲಿಗೆ ನಿಂತಿರುವ ಕಡೆ, ಬೇಡ.

1000 ರೂಪಾಯಿ ದಂಡದಿಂದ ಅದು ಆಗುತ್ತಾ? ನನಗೆ ನಂಬಿಕೆ ಕಡಿಮೆ. ದಂಡ ಕಟ್ಟುವವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ಬೀಡಿಯವನು. ಒಳಗೆ ಕೂತವನ ಹತ್ತಿರ ಯಾರೂ ಹೋಗುವುದಿಲ್ಲ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ, ಕಟ್ಟಡದ ಒಳಗೆ ಕೆಲಸ ಮಾಡುವವರಲ್ಲಿ 100ಕ್ಕೆ 30 ಜನ ಕೆಲಸದ ಜಾಗದಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು. ನಿಷೇಧ ಬಂದು ಎಂಟು ವರ್ಷ ಆದಮೇಲಿನ ಲೆಕ್ಕ ಇದು. ಕೆಲಸಕ್ಕೆ ಬರುವ ಅಸ್ತ್ರ 2008ರ ನಿಯಮದಲ್ಲೇ ಇದೆ. ದೂರು ಬಂದರೂ ಮಾಲೀಕ ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟು ದಂಡ ಅವನೇ ಕಟ್ಟಬೇಕು. ಬಾಗಿಲಲ್ಲಿ ಬೋರ್ಡು ಹಾಕಬೇಕು, ದೂರು ಯಾರಿಗೆ ಕೊಡಬೇಕು ಅಂತ ಅದರಲ್ಲಿ ಹೆಸರು ಬರೆದಿರಬೇಕು. 30 ಸೀಟಿಗಿಂತ ಕಡಿಮೆ ಇದ್ದರೆ ಸ್ಮೋಕಿಂಗ್ ರೂಮ್ ಇಡುವಂತಿಲ್ಲ. ಇಟ್ಟರೂ ಅಲ್ಲಿ ಸೇದುವುದು ಮಾತ್ರ, ಬೇರೆ ಯಾವ ಸರ್ವೀಸೂ ಇಲ್ಲ ಅಂತ 2017ರಲ್ಲಿ ಸೇರಿಸಿದರು.

ಹೋದ ತಿಂಗಳು ಆಫೀಸಿನವರ ಜೊತೆ ಒಂದು ಬಾರಿಗೆ ಹೋಗಿದ್ದೆ. ಹಳೇ ಚಾಳಿ, ಮೊದಲು ಬೋರ್ಡ್ ಹುಡುಕಿದೆ. ಇತ್ತು. ಕನ್ನಡದಲ್ಲೇ ಇತ್ತು. ಕೆಳಗೆ ಹೆಸರು ಅಂತ ಬರೆದು ಮುಂದೆ ಖಾಲಿ. ಪಕ್ಕದಲ್ಲೇ ಗಾಜಿನ ಸ್ಮೋಕಿಂಗ್ ರೂಮು, ಒಳಗೆ ಏಳೆಂಟು ಜನ, ಗಾಜು ಬೆಳ್ಳಗೆ. ಇಪ್ಪತ್ತು ಇಪ್ಪತ್ತೆರಡರ ಸಪ್ಲೈಯರ್ ಹುಡುಗ ಬಂದ. ಇಲ್ಲಿ ಯಾರ ಹೆಸರು ಇರಬೇಕು ತಮ್ಮಾ ಅಂತ ಕೇಳಿದೆ. ಅವನೂ ಬೋರ್ಡನ್ನು ಅವತ್ತೇ ನೋಡಿದ ಹಾಗೆ ನೋಡಿದ.

"ಗೊತ್ತಿಲ್ಲ ಸರ್, ನಾನು ಸೇರಿದಾಗಿಂದ ಹೀಗೇ ಇದೆ" ಅಂದ. ಎರಡೂ ಕೈಯಲ್ಲಿ ಟ್ರೇ ಇತ್ತು. ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಹೋದ.