ಸಾಯುವ ಹಕ್ಕಿಯ ಕೂಗು ಹಾಕಿ ರಕೂನ್ ಬೇಟೆ: ಸರಿಯಾ, ತಪ್ಪಾ?

ಪರ: ಒಂದೇ ಗುಂಡಿಗೆ ಮುಗಿಯಲಿ

ಅಮೆರಿಕದ ಒಹಾಯೊ ರಾಜ್ಯದಲ್ಲಿ ನಮ್ಮ ಮನೆ ಹಿತ್ತಲಲ್ಲಿ ಆರು ಕೋಳಿ ಇದ್ದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎರಡಕ್ಕೆ ತಲೆಯೇ ಇಲ್ಲ. ಜಾಲರಿ ಹರಿದಿರಲಿಲ್ಲ. ರಕೂನ್ ಅನ್ನೋ, ಬೆಕ್ಕಿಗಿಂತ ಸ್ವಲ್ಪ ದೊಡ್ಡ ಕಾಡುಪ್ರಾಣಿ ಹೊರಗೆ ನಿಂತೇ ಕಿಂಡಿಯಲ್ಲಿ ಕೈ ತೂರಿಸಿ ಕುತ್ತಿಗೆ ಹಿಡಿದು ಎಳೆದಿತ್ತು. ಸಣ್ಣ ಕಿಂಡಿಯ ಜಾಲರಿ ಹಾಕಿಸಿದೆ. ಮುಂದಿನ ವಾರ ಚಿಲಕವನ್ನೇ ತೆಗೆದು ಒಳಗೆ ಬಂತು. ಐದು ಬೆರಳಿನ ಕೈ, ಥೇಟ್ ಮಗುವಿನದ್ದೇ. ಉಳಿದ ನಾಲ್ಕೂ ಹೋದವು. ಮಗಳು ಒಂದೊಂದಕ್ಕೂ ಹೆಸರಿಟ್ಟಿದ್ದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಚಳಿಗಾಲ ಪಕ್ಕದ ಜೋಳದ ಹೊಲದ ಅಜ್ಜ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಹಗಲು ರಕೂನ್ ಮರದ ಪೊಟರೆಯಲ್ಲಿ ಮಲಗಿರುತ್ತದೆ. ಅಜ್ಜ ಸ್ವಲ್ಪ ದೂರದಲ್ಲಿ ಕೂತು ಪೀಪಿ ಊದಿದರು. ಗಾಯಗೊಂಡ ಹಕ್ಕಿ ಚೀರಿದ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಪೊಟರೆಯಿಂದ ಕಪ್ಪು ಪಟ್ಟಿಯ ಮುಖ ಹೊರಬಂತು. ಸರಸರ ಇಳಿಯಿತು. ಹದಿನೈದು ಹೆಜ್ಜೆ ಹತ್ತಿರ ಬಂದಾಗ ಒಂದೇ ಗುಂಡು. ಒದ್ದಾಡಲೂ ಇಲ್ಲ.

ನಾಯಿ ಬಿಟ್ಟು ಆಡುವ ಬೇಟೆ ನೋಡಿ. ಕತ್ತಲಲ್ಲಿ ಮೈಲಿಗಟ್ಟಲೆ ಅಟ್ಟಿಸಿ ಮರ ಹತ್ತಿಸುತ್ತಾರೆ. ಬೋನಿಗೆ ಕೈ ಸಿಕ್ಕಿದರೆ ಬೆಳಗಾಗುವವರೆಗೂ ಅದು ಹಾಗೇ ಇರಬೇಕು. ಅದಕ್ಕಿಂತ ಇದು ವಾಸಿ ಅಲ್ವಾ? ಕೂಗು ಮೋಸ ಅಂತಾರೆ. ಗಾಳಕ್ಕೆ ಎರೆಹುಳ ಸಿಕ್ಕಿಸುವುದು ಮೋಸ ಅಲ್ವಾ? ಇನ್ನು ಸುಮ್ನೆ ಬಿಡಿ ಅನ್ನುವವರು ಜರ್ಮನಿ ನೋಡಲಿ. 1934ರಲ್ಲಿ ಏಡರ್‌ಸೇ ಸರೋವರದ ಹತ್ತಿರ ಬಿಟ್ಟಿದ್ದು ಬರೀ ಎರಡು ಜೋಡಿ ರಕೂನ್. ಇವತ್ತು ಕಾಸೆಲ್ ನಗರದಲ್ಲಿ ಮನೆಗಳ ಅಟ್ಟವನ್ನೇ ಸೇರಿಕೊಂಡಿವೆ. ರಕೂನ್ ಬಾತು, ಟರ್ಕಿ ಕೋಳಿಗಳ ಗೂಡಿನಲ್ಲಿ ಮೊಟ್ಟೆ ಉಳಿಸುವುದಿಲ್ಲ. ರೇಬೀಸ್ ಭಯ ಬೇರೆ.

ವಿರೋಧ: ಆ ಕೂಗು ಎಲ್ಲರಿಗೂ ಕೇಳುತ್ತೆ

ನನಗೆ ಈ ಕಡೆ ಬರೆಯಲು ಹೇಳಿದರು. ಬೇಟೆಯೇ ಬೇಡ ಅನ್ನುವವನು ನಾನಲ್ಲ. ಬೆಳೆ, ಕೋಳಿ ಕಳೆದುಕೊಂಡವರ ಕಷ್ಟ ಗೊತ್ತು. ಆದರೆ ಕೋಳಿಗೂಡಿಗೆ ಗಟ್ಟಿ ಬೀಗ ಹಾಕದೆ ಕಾಡಿಗೆ ಕೋವಿ ಹಿಡಿದು ಹೋಗುವುದು ಯಾವ ನ್ಯಾಯ? ರೇಬೀಸ್‌ಗೆ ಅಮೆರಿಕದಲ್ಲಿ ವಿಮಾನದಿಂದ ಲಸಿಕೆ ತುಂಬಿದ ತಿನಿಸು ಉದುರಿಸುತ್ತಾರೆ. ಗುಂಡೊಂದೇ ದಾರಿ ಅಲ್ಲ.

ಇನ್ನೊಂದು ಮಾತು. ಬಾತುಕೋಳಿ ಬೇಟೆಗೆ ರೆಕಾರ್ಡ್ ಮಾಡಿದ ಕೂಗು ಹಾಕುವುದನ್ನು ಅಮೆರಿಕದ ಕೇಂದ್ರ ಸರ್ಕಾರವೇ ನಿಷೇಧಿಸಿದೆ. ರಕೂನ್‌ಗೆ ಆ ರಕ್ಷಣೆ ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಬಾತಿಗೆ ತಪ್ಪಾಗಿದ್ದು ಇದಕ್ಕೆ ಹೇಗೆ ಸರಿಯಾಗುತ್ತೆ?

ಒಮ್ಮೆ ಗೆಳೆಯನ ಜೊತೆ ರಾತ್ರಿ ಹೋಗಿದ್ದೆ. ರಿಮೋಟ್ ಇರುವ ಸ್ಪೀಕರನ್ನು ಹುಲ್ಲಲ್ಲಿ ಇಟ್ಟು ಮೊಲದ ಚೀರಾಟ ಹಾಕಿದ. ಆ ಕೂಗು ಕೇಳುವಾಗ ಹೊಟ್ಟೆ ತೊಳಸುತ್ತೆ. ರಕೂನ್ ಬರಲಿಲ್ಲ. ಒಂಚೂರೂ ಸದ್ದಿಲ್ಲದೆ ದೊಡ್ಡ ಗೂಬೆಯೊಂದು ಬಂದು ಸ್ಪೀಕರ್ ಮೇಲೇ ಎರಗಿತು. ಉಗುರು ಪ್ಲಾಸ್ಟಿಕ್ ಗೀರಿದ್ದು ನಮಗೆ ಕೇಳಿಸಿತು. ಗೆಳೆಯ ಆಗಲೇ ಕೋವಿ ಎತ್ತಿದ್ದ. ಟಾರ್ಚ್ ಬೆಳಕು ಬೀಳದಿದ್ದರೆ ಹೊಡೆದೇಬಿಡುತ್ತಿದ್ದ. ಗೂಬೆ ಪಕ್ಕದ ಬೇಲಿ ಕಂಬಕ್ಕೆ ಹಾರಿ ಕೂತಿತು. ಕೂಗು ನಿಲ್ಲಿಸಿದ ಮೇಲೂ ತುಂಬಾ ಹೊತ್ತು ಆ ಪೆಟ್ಟಿಗೆಯನ್ನೇ ನೋಡುತ್ತಿತ್ತು.